ವಿಎಚ್‌ಎಸ್ ಟೇಪಿನಲ್ಲಿ ಝರ್ರ್ ಸದ್ದು: ಟೇಪಿನ ದೋಷವೋ, ಡೆರೆಕ್ ಬೇಲಿಯ ಗಿಟಾರೋ?

ತಂತಿಗಣಪ:
ಎಲ್ಲರಿಗೂ ನಮಸ್ಕಾರ. ಲಂಡನ್ನಿನಲ್ಲಿದ್ದ ನಮ್ಮ ಚಿಕ್ಕಪ್ಪ 1992ರಲ್ಲಿ ಚಾನೆಲ್ ಫೋರ್‌ನಿಂದ ರೆಕಾರ್ಡ್ ಮಾಡಿಕೊಂಡಿದ್ದ ಟೇಪು ಕೈಗೆ ಬಂದಿದೆ. ಬ್ರಿಟಿಷ್ ಗಿಟಾರ್ ವಾದಕ ಡೆರೆಕ್ ಬೇಲಿ ಅವರ 'ಆನ್ ದಿ ಎಡ್ಜ್' ಸರಣಿ. ಕಂಪ್ಯೂಟರಿಗೆ ಹಾಕಿಕೊಂಡೆ. ಮೂರು ತೊಂದರೆ ಇದೆ. ಹಿಂದೆ ಒಂದೇ ಸಮ ಝರ್ರ್ ಅನ್ನುತ್ತದೆ. ಕೈ ಬೇಗ ಆಡಿದಾಗ ಬಾಚಣಿಗೆ ಹಲ್ಲಿನಂಥ ಗೆರೆ ಏಳುತ್ತದೆ. ನಾಯ್ಸ್ ರಿಡಕ್ಷನ್ ಹಾಕಿದರೆ ಝರ್ರ್ ಕಡಿಮೆ ಆಗುತ್ತದೆ, ಆದರೆ ಅರ್ಧ ಸಂಗೀತವೂ ಮಾಯ! ಈ ಫ್ರೀ ಇಂಪ್ರೊವೈಸೇಷನ್‌ನಲ್ಲಿ (ಮೊದಲೇ ಗೊತ್ತು ಮಾಡಿಕೊಳ್ಳದೆ ಆ ಕ್ಷಣಕ್ಕೆ ಹೊಳೆದದ್ದನ್ನು ನುಡಿಸುವುದು) ಯಾವುದು ಸಂಗೀತ, ಯಾವುದು ಟೇಪಿನ ಗೊರಗೊರ ಅಂತಲೇ ಗೊತ್ತಾಗುತ್ತಿಲ್ಲ.

ಮಂಗ್ಳೂರು_ಡೆಕ್:
ವಿಸಿಆರ್ ಕೂಡ ಲಂಡನ್ನಿನದೇನಾ? ಆಂಟೆನಾ ವೈರಿನಲ್ಲಿ ಜೋಡಿಸಿದ್ದೀರಾ? ಅಲ್ಲಿಯ ಟಿವಿಯಲ್ಲಿ ಸೌಂಡ್ ಕ್ಯಾರಿಯರ್ (ಸದ್ದನ್ನು ಹೊತ್ತು ತರುವ ತರಂಗ) 6 ಮೆಗಾಹರ್ಟ್ಸ್, ನಮ್ಮಲ್ಲಿ 5.5. ಚಿತ್ರ ಚೆನ್ನಾಗಿ ಬರುತ್ತದೆ, ಸೌಂಡು ಮಾತ್ರ ಕೈಕೊಡುತ್ತದೆ ಮಾರಾಯ್ರೆ.

ತಂತಿಗಣಪ:
ಡೆಕ್ ಅಲ್ಲಿಯದೇ. ಆದರೆ ಜೋಡಿಸಿರುವುದು ಎವಿ ಕೇಬಲ್‌ನಲ್ಲಿ.

ಹಳೇರೀಲು:
ಹಾಗಾದರೆ ಕ್ಯಾರಿಯರ್ ಸಮಸ್ಯೆ ಅಲ್ಲ. ಮೊದಲು ಟೇಪು ನಿಲ್ಲಿಸಿ ಕೇಳಿ. ಆಗಲೂ ಸದ್ದು ಇದ್ದರೆ ಕರೆಂಟಿನ ಹಮ್. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಟೇಪು ಓಡುವಾಗ ಮಾತ್ರ ಬರುತ್ತಿದ್ದರೆ ಹೈಫೈ ಟ್ರ್ಯಾಕಿನ (ಟೇಪಿನಲ್ಲಿ ಚಿತ್ರದ ಜೊತೆಗೇ ಬರೆದಿರುವ ಒಳ್ಳೆ ಗುಣಮಟ್ಟದ ಸೌಂಡಿನ) ಸಮಸ್ಯೆ. ಹೈಫೈ ಸೌಂಡನ್ನು ಓದುವುದು ತಿರುಗುವ ಡ್ರಮ್ಮಿನ ಮೇಲಿನ ಹೆಡ್‌ಗಳು. ಪಾಲ್ (ಅಲ್ಲಿಯ ಟಿವಿ ಪದ್ಧತಿ) ಡೆಕ್ಕಿನಲ್ಲಿ ಡ್ರಮ್ಮು ನಿಮಿಷಕ್ಕೆ 1500 ಸುತ್ತು, ಎದುರುಬದುರು ಎರಡು ಹೆಡ್, ಅಂದರೆ ಸೆಕೆಂಡಿಗೆ 50 ಸಲ ಹೆಡ್ ಬದಲಾಗುತ್ತದೆ. ಟ್ರ್ಯಾಕಿಂಗ್ (ಹೆಡ್ ಟೇಪಿನ ಟ್ರ್ಯಾಕಿನ ಮೇಲೆ ಸರಿಯಾಗಿ ಕೂರುವುದು) ಸ್ವಲ್ಪ ಜಾರಿದರೂ ಪ್ರತಿ ಬದಲಾವಣೆಯೂ ಚಿಟಿಕೆಯ ಹಾಗೆ ಕೇಳಿ, ಎಲ್ಲ ಸೇರಿ ಝರ್ರ್ ಆಗುತ್ತದೆ.

ಆಟೋ ಟ್ರ್ಯಾಕಿಂಗ್ ಆಫ್ ಮಾಡಿ, ಬಟನ್ನಿನಿಂದ ಒಂದೊಂದೇ ಹೆಜ್ಜೆ ಸರಿಸಿ. ಚಿತ್ರ ನೋಡಬೇಡಿ, ಸದ್ದು ಕೇಳಿ. ಜಗ್ಗದಿದ್ದರೆ ಮೆನುವಿನಲ್ಲಿ 'ನಾರ್ಮಲ್' ಆಡಿಯೊ ಆರಿಸಿ. ಅದು ಟೇಪಿನ ಅಂಚಿನ ಮಾಮೂಲಿ ಟ್ರ್ಯಾಕು. ಝರ್ರ್ ಇರಲ್ಲ, ಆದರೆ ಮಂಕು. ಸಿಂಬಲ್‌ನ ಹೊಳಪೆಲ್ಲ ಹೋಗಿರುತ್ತದೆ.

ನಾಯ್ಸ್ ರಿಡಕ್ಷನ್ ಅಂತೂ ದಯವಿಟ್ಟು ಬೇಡ. ಸುಮ್ನೆ ಹೇಳ್ತಿಲ್ಲ. ಬೇಲಿ ಬ್ರಿಜ್‌ನ (ಗಿಟಾರಿನಲ್ಲಿ ತಂತಿ ಕೂರುವ ಪಟ್ಟಿ) ಹಿಂದುಗಡೆ ತಂತಿ ಮೀಟುತ್ತಾರೆ, ತಂತಿಯನ್ನು ಹಗುರವಾಗಿ ಮುಟ್ಟಿ ಹಾರ್ಮೋನಿಕ್ಸ್ ನುಡಿಸುತ್ತಾರೆ, ವಾಲ್ಯೂಮ್ ಪೆಡಲ್ ಒತ್ತಿ ಸ್ವರವನ್ನು ಮೆಲ್ಲಗೆ ಹೊರಗೆ ಬಿಡುತ್ತಾರೆ. ಸಾಫ್ಟ್‌ವೇರಿಗೆ ಇದೆಲ್ಲ ಕಸ. ಡ್ರಮ್ಮರ್ ಜಾನ್ ಸ್ಟೀವನ್ಸ್ ಬ್ರಶ್ಶಿನಿಂದ ಸಣ್ಣ ಡ್ರಮ್ಮು ಸವರುವ ಸದ್ದೂ ಅದಕ್ಕೆ ಹಿಸ್ (ಟೇಪಿನ ಸುಯ್ ಸದ್ದು) ಅಷ್ಟೇ. ಅನುಮಾನ ಬಂದರೆ ಬೇಲಿಯ ಬಲಗೈ ನೋಡಿ. ಕೈ ನಿಂತಾಗ ಸದ್ದು ನಿಂತರೆ ಅದು ಗಿಟಾರು. ಕೈ ನಿಂತರೂ ಅದೇ ಲಯದಲ್ಲಿ ಹೋಗುತ್ತಿದ್ದರೆ ಟೇಪು. ಈ ಜನ ಒಂದೇ ಲಯದಲ್ಲಿ ಜಾಸ್ತಿ ಹೊತ್ತು ಇರುವವರಲ್ಲ, ಅಲ್ವಾ?

ಕಂಪ್ಯೂಟರಿಗೆ ಹಾಕಿಕೊಳ್ಳುವ ಕ್ಯಾಪ್ಚರ್‌ನಲ್ಲಿ ಆಟೋ ಗೇನ್ (ಸದ್ದನ್ನು ತಾನೇ ಏರಿಸಿ ಇಳಿಸುವುದು) ಇದ್ದರೆ ಅದನ್ನೂ ಆಫ್ ಮಾಡಿ. ಮೌನ ಬಂದಾಗಲೆಲ್ಲ ಅದು ಹಿಸ್ಸನ್ನು ಎತ್ತಿ ಹಿಡಿಯುತ್ತದೆ.

ಮಂಗ್ಳೂರು_ಡೆಕ್:
ಬಾಚಣಿಗೆ ಗೆರೆ ಇಂಟರ್‌ಲೇಸ್‌ದು, ಅಂದರೆ ಒಂದೇ ಫ್ರೇಮಿನ ಸಮ-ಬೆಸ ಗೆರೆಗಳು ಬೇರೆ ಬೇರೆ ಕ್ಷಣದವು. ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರಿನಲ್ಲಿ ಈ ಗೆರೆ ತೆಗೆಯುವ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿ, ಸೆಕೆಂಡಿಗೆ 50 ಫ್ರೇಮ್ ತೆಗೆಯಿರಿ. 25ಕ್ಕೆ ಇಳಿಸಿದರೆ ಬೆರಳಿನ ಚಲನೆ ಅರ್ಧ ಹೋಗುತ್ತದೆ. ಫಿಲ್ಮಿನಲ್ಲಿ ತೆಗೆದ ದೃಶ್ಯಕ್ಕೆ ಇದು ಬೇಡ. ಅಲ್ಲಿಯೂ ಗೆರೆ ಕಂಡರೆ ಫೀಲ್ಡ್‌ಮ್ಯಾಚ್ (ಅರ್ಧರ್ಧ ಚಿತ್ರಗಳನ್ನು ಸರಿಯಾಗಿ ಜೋಡಿಸುವ ಫಿಲ್ಟರ್) ಸಾಕು.

ತಂತಿಗಣಪ:
ನಾರ್ಮಲ್‌ಗೆ ಹಾಕಿದೆ, ಝರ್ರ್ ಹೋಯಿತು. ಮಂಕಂತೂ ಹೌದು. ಅದೇ ಟೇಪಿನ ಕೊನೆಯಲ್ಲಿ ಸ್ಯಾಕ್ಸೊಫೋನ್ ವಾದಕ ಟಬಿ ಹೇಸ್ ಅವರ, ಬಿಬಿಸಿಯ ಹಳೇ 'ಜಾಝ್ 625' ಕಾರ್ಯಕ್ರಮವೂ ಇದೆ. ಅದಕ್ಕೂ 50 ಫ್ರೇಮ್ ತೆಗೆಯಲಾ?

ಹಳೇರೀಲು:
ಫಿಲ್ಮ್ ಪ್ರತಿಯಿಂದ ಬಂದಿದ್ದರೆ ಬೇಡ. ಬಿಬಿಸಿ ಟೂ 1964ರಲ್ಲಿ ಶುರುವಾದಾಗ ಅದರ 625 ಗೆರೆಯ ಚಿತ್ರವೇ ದೊಡ್ಡ ಸುದ್ದಿ, ಕಾರ್ಯಕ್ರಮದ ಹೆಸರೂ ಅದೇ. ಆದರೆ ವೀಡಿಯೊ ಟೇಪು ದುಬಾರಿ. ಅಳಿಸಿ ಮತ್ತೆ ಬಳಸುವುದು ರೂಢಿಯಾಗಿತ್ತು, 1978ರವರೆಗೂ ನಡೆಯಿತು. ಆ ಕಾಲದ ಎಷ್ಟೋ ಕಾರ್ಯಕ್ರಮ ಉಳಿದಿದ್ದು ಮಾನಿಟರನ್ನೇ 16 ಎಂಎಂ ಫಿಲ್ಮಿಗೆ ತೆಗೆದ ಪ್ರತಿಯಲ್ಲಿ. ಅದರಲ್ಲಿ ಇರುವುದೇ ಸೆಕೆಂಡಿಗೆ 25 ಚಿತ್ರ.

ಬೇಲಿ ಭಾಗಕ್ಕೆ ಎರಡೂ ಟ್ರ್ಯಾಕ್ ಬೇರೆ ಬೇರೆ ಕ್ಯಾಪ್ಚರ್ ಮಾಡಿ. ಹೈಫೈ ಚೆನ್ನಾಗಿರುವ ಕಡೆ ಅದನ್ನು ಇಡಿ, ಝರ್ರ್ ಬರುವ ಕಡೆ ಮಾತ್ರ ನಾರ್ಮಲ್‌ನಿಂದ ತೇಪೆ ಹಾಕಿ. ಮೂಲ ಫೈಲನ್ನು ಹಫ್‌ವೈಯುವಿಯಲ್ಲಿ (ಗುಣಮಟ್ಟ ಕಳೆಯದ ವೀಡಿಯೊ ಫಾರ್ಮ್ಯಾಟ್) ಹಾಗೇ ಉಳಿಸಿಕೊಳ್ಳಿ, ಟೇಪನ್ನೂ ಎಸೆಯಬೇಡಿ.

ತಂತಿಗಣಪ:
ಸರಿ ಸರ್, ಹಾಗೇ ಮಾಡ್ತೀನಿ. ಹೆಡ್ ಕ್ಲೀನ್ ಮಾಡಿ ಇನ್ನೊಮ್ಮೆ ಹೈಫೈ ನೋಡುತ್ತೇನೆ. ಆದರೆ ಅಂಗಡಿಯಲ್ಲಿ ಸಿಗುವ ಕ್ಲೀನಿಂಗ್ ಕ್ಯಾಸೆಟ್ ಹಾಕಬಹುದಾ?

ಮಂಗ್ಳೂರು_ಡೆಕ್:
ಒಣ ಕ್ಯಾಸೆಟ್ ಬೇಡ, ಹೆಡ್ ಸವೆಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್, ಶಾಮೊಯ್ (ಮೆತ್ತನೆ ಚರ್ಮದ) ಬಟ್ಟೆ ಬಳಸಿ. ಬಟ್ಟೆ ಅಲ್ಲಾಡಿಸದೆ ಒತ್ತಿ ಹಿಡಿದು, ಡ್ರಮ್ಮನ್ನು ಕೈಯಲ್ಲಿ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡು ಮುರಿಯುತ್ತದೆ.