ಅಪ್‌ಡೇಟ್: ಫ್ರೇಮ್ ಇಲ್ಲದ ಕ್ಯಾನ್ವಾಸ್ ಚಿತ್ರಗಳು ಕಾಸರಗೋಡಿನಿಂದ ಹೊರಟವು

ಫ್ರೇಮ್ ಹಾಕದ, ಮರದ ಪಟ್ಟಿಗೆ ಬಿಗಿಯದ ಅಕ್ರಿಲಿಕ್ ಚಿತ್ರಗಳನ್ನು ದೂರದವರಿಗೆ ಮಾರುವುದು ಹೇಗೆ ಅಂತ ಎರಡು ವಾರದ ಹಿಂದೆ ಕೇಳಿದ್ದೆ. ಮೂರರಲ್ಲಿ ಎರಡು ಹೋದವು! ಬೇಕಲ ಕೋಟೆಯ ಚಿತ್ರ ಬೆಂಗಳೂರಿಗೆ, ತೆಯ್ಯಂ (ನಮ್ಮ ಕಡೆಯ ದೈವದ ಕುಣಿತ) ಚಿತ್ರ ಮೈಸೂರಿಗೆ.

ನಿಜವಾಗಿ ಕೆಲಸಕ್ಕೆ ಬಂದದ್ದು ಒಬ್ಬರು ಅಕ್ಕ ಹೇಳಿದ ಮಾತು. ಚಿತ್ರದ ಸುತ್ತ ಬಿಟ್ಟ 2 ಇಂಚು ಖಾಲಿ ಬಟ್ಟೆಯನ್ನು ಅಳತೆ ಟೇಪ್ ಇಟ್ಟು ಫೋಟೋ ತೆಗೆದು ಹಾಕಿ ಅಂದಿದ್ದರು. ಚಿತ್ರದ ಅಳತೆ, ಇಡೀ ಬಟ್ಟೆಯ ಅಳತೆ ಎರಡನ್ನೂ ಬೇರೆ ಬೇರೆ ಬರೆದೆ. ಕೊಂಡವರಿಬ್ಬರೂ ಮೊದಲು ನೋಡಿದ್ದು ಅದನ್ನೇ. ಮರದ ಪಟ್ಟಿಗೆ ಬಿಗಿಯಲು ಖಾಲಿ ಅಂಚು ಇಲ್ಲದಿದ್ದರೆ ಚಿತ್ರವೇ ಪಕ್ಕಕ್ಕೆ ಮಡಚಿ ಹೋಗುತ್ತದೆ ಅಲ್ವಾ.

ಸುತ್ತುವಾಗ ಬಣ್ಣ ಹೊರಗಿರಬೇಕು ಅಂತ ಒಬ್ಬರು ಅಣ್ಣ ಹೇಳಿದಾಗ ನಂಬಲಿಲ್ಲ. ಬಣ್ಣ ಒಳಗಿದ್ದರೆ ಅದು ಒತ್ತಿಕೊಂಡು ಸುಕ್ಕಾಗುತ್ತದಂತೆ. ಕೊನೆಗೆ ಅವರು ಹೇಳಿದ ಹಾಗೇ 4 ಇಂಚಿನ ಪಿವಿಸಿ ಪೈಪಿಗೆ ಸಡಿಲವಾಗಿ ಸುತ್ತಿ, ಮೇಲೆ ಗ್ಲಾಸಿನ್ ಕಾಗದ (ನುಣುಪಾದ ತೆಳು ಕಾಗದ) ಹಾಕಿ ಕಳಿಸಿದೆ. ಎರಡೂ ಚೆನ್ನಾಗಿ ತಲುಪಿದವು.

ಬಬಲ್ ರ‍್ಯಾಪ್ (ಗಾಳಿಗುಳ್ಳೆಗಳ ಪ್ಲಾಸ್ಟಿಕ್ ಹಾಳೆ) ಸುತ್ತಿ ಅಂತ ಬಂದ ಸಲಹೆ ಮಾತ್ರ ಬೇಡ. ಹಳೆಯ ಚಿತ್ರದ ಮೇಲೆ ನೇರವಾಗಿ ಸುತ್ತಿ ನೋಡಿದೆ. ನಮ್ಮ ಸೆಕೆಗೆ ಅಕ್ರಿಲಿಕ್ ಮೆತ್ತಗಾಗಿ, ಗುಳ್ಳೆಗಳ ಗುರುತು ಹಾಗೇ ಉಳಿಯಿತು. ಹೊರಗಿನ ಪದರಕ್ಕಾದರೆ ಸರಿ.

ನನಗೆ ಆಶ್ಚರ್ಯವಾದದ್ದು ಇದು: ಫ್ರೇಮ್ ಇಲ್ಲ ಅಂತ ಬೆಲೆ ಇಳಿಸಲು ಹೊರಟಿದ್ದೆ. ಮೈಸೂರಿನವರು, ‘ಬೇಡ, ಫ್ರೇಮ್ ನಮ್ಮ ಗೋಡೆಗೆ ಒಪ್ಪುವಂಥದ್ದನ್ನು ನಾವೇ ಹಾಕಿಸುತ್ತೇವೆ’ ಅಂದರು. ಕೇಳಿ ತುಂಬಾ ಖುಷಿಯಾಯಿತು.

ಮೂರನೆಯದು ಅಂಚಿನವರೆಗೂ ಬಣ್ಣ ಬಳಿದದ್ದು. ಅದನ್ನು ಬೋರ್ಡಿಗೆ ಅಂಟಿಸಿ ಕೊಡೋಣ ಅಂತಿದ್ದೇನೆ.