ವಾರ್ಮರ್ 36.5 ತೋರಿಸುತ್ತೆ, ಮಗುವಿನ ಪಾದ ಮಾತ್ರ ತಣ್ಣಗೆ

ರಾತ್ರಿಪಾಳಿ: ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನರ್ಸ್ ನಾನು. ಮೊನ್ನೆ ಪುನರ್ವಸು ಮಳೆ ಹಿಡಿದ ರಾತ್ರಿ, 31 ವಾರಕ್ಕೇ ಒಂದು ಹೆರಿಗೆ ಆಯ್ತು. ಮಗು 1,350 ಗ್ರಾಂ. ಚೆನ್ನಾಗಿ ಅತ್ತಿತು. ಒರೆಸಿ, ಬಟ್ಟೆ ಸುತ್ತಿ, ಮೇಲಿಂದ ಶಾಖ ಬೀರೋ ವಾರ್ಮರ್ ಕೆಳಗೆ ಮಲಗಿಸಿದೆವು. ಅರ್ಧ ಗಂಟೆ ಬಿಟ್ಟು ಪಾದ ಮುಟ್ಟಿದರೆ ತಣ್ಣಗಿತ್ತು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 35.6. ವಾರ್ಮರ್ ಮಾತ್ರ 36.5 ಅಂತ ಆರಾಮಾಗಿ ತೋರಿಸ್ತಿತ್ತು. ಮಷೀನ್ ಕೆಟ್ಟಿದೆಯಾ, ನಾವೇ ಎಡವಿದೆವಾ? ಮಗುವನ್ನು ಶಿವಮೊಗ್ಗಕ್ಕೆ ಕಳಿಸಿದೆವು, ಈಗ ಪರವಾಗಿಲ್ಲವಂತೆ. ನನಗೆ ನಿದ್ದೆ ಬರ್ತಿಲ್ಲ.

ರಿಪೇರಿಮಾಮ: ಸಿಸ್ಟರ್, ಮಗುವಿನ ಮೈಬಿಸಿ ಅಳೆದು ವಾರ್ಮರ್‌ಗೆ ತಿಳಿಸೋ ಪ್ರೋಬ್ ಎಲ್ಲಿತ್ತು? ಹೀಟರ್ ಎಷ್ಟು ಉರೀತಿತ್ತು?

ರಾತ್ರಿಪಾಳಿ: ಹೊಟ್ಟೆ ಮೇಲೆ ಅಂಟಿಸಿದ್ದೆ. ಮೈ ಒದ್ದೆ ಇತ್ತಲ್ಲ, ಟೇಪ್ ಬಿಟ್ಟುಕೊಂಡಿದೆ. ಮಗುವನ್ನು ಎತ್ತಿದಾಗ ಬೆನ್ನ ಕೆಳಗೆ ಸಿಕ್ಕಿತು. ಹೀಟರ್ ಹೆಚ್ಚುಕಮ್ಮಿ ಆಫ್ ಆಗಿತ್ತು.

ರಿಪೇರಿಮಾಮ: ಮಷೀನ್ ಸರಿಯಾಗಿಯೇ ಇದೆ. ಬೆನ್ನಿಗೂ ಹಾಸಿಗೆಗೂ ನಡುವೆ ಸಿಕ್ಕ ಪ್ರೋಬ್ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತೆ. ಮಗು ಬೆಚ್ಚಗಿದೆ ಅಂದುಕೊಂಡು ವಾರ್ಮರ್ ಉರಿ ಇಳಿಸುತ್ತೆ. ಪೂರ್ತಿ ಕಿತ್ತು ಗಾಳಿಗೆ ನೇತಾಡಿದರೆ ಉಲ್ಟಾ, ಮಗುವನ್ನು ಬೇಯಿಸಿಬಿಡುತ್ತೆ. ಚರ್ಮ ಒಣಗಿಸಿ, ಬಲಗಡೆ ಹೊಟ್ಟೆಯ ಮೇಲ್ಭಾಗದಲ್ಲಿ ಅಂಟಿಸಿ. ಪರದೆ ಏನೇ ಹೇಳಲಿ, ಕಂಕುಳಲ್ಲೂ ನೋಡ್ತಾ ಇರಿ.

ಹಳೇಸಿಸ್ಟರ್: ಪ್ರೋಬ್ ಅರ್ಧ ಕಥೆ ಅಷ್ಟೇ. ಹುಟ್ಟಿದ ಕೂಸಿನ ಮೈ ಒದ್ದೆ. ಆ ನೀರು ಆರುವಾಗ ಮೈಶಾಖವನ್ನೂ ಎಳೆದುಕೊಂಡು ಹೋಗುತ್ತೆ. ದಿನ ತುಂಬಿದ ಮಕ್ಕಳಿಗೆ ಕತ್ತು, ಬೆನ್ನಿನ ಹತ್ತಿರ ಕಂದು ಕೊಬ್ಬು ಇರುತ್ತೆ, ಅದು ಉರಿದು ಬಿಸಿ ಕೊಡುತ್ತೆ. 31 ವಾರದ ಕೂಸಿಗೆ ಆ ಸೌದೆಯೇ ಕಮ್ಮಿ, ಚರ್ಮವೂ ತೆಳು. ನಮ್ಮ ಹಾಗೆ ನಡುಗಲ್ಲ, ಅದಕ್ಕೇ ಚಳಿ ಆಗಿದ್ದು ಕಣ್ಣಿಗೆ ಕಾಣಲ್ಲ.

32 ವಾರದೊಳಗಿನ ಮಗುವನ್ನು ಒರೆಸುತ್ತಾ ಕೂರಬೇಡಿ. ಒದ್ದೆ ಮೈಯಲ್ಲೇ ಶುದ್ಧ ಪಾಲಿಥಿನ್ ಚೀಲದೊಳಗೆ ಕುತ್ತಿಗೆವರೆಗೆ ಇಳಿಸಿ. ಮುಖ ಹೊರಗಿರಲಿ. ತಲೆ ಒರೆಸಿ ಟೋಪಿ ಹಾಕಿ. ವಾರ್ಮರ್ ಶಾಖ ಪ್ಲಾಸ್ಟಿಕ್ ದಾಟಿ ಮೈಗೆ ತಾಗುತ್ತೆ. ನೀವು ಬಟ್ಟೆ ಸುತ್ತಿ ಅದರ ಕೆಳಗಿಟ್ಟಿದ್ದು, ಕೊಡೆ ಹಿಡಿದು ಬಿಸಿಲು ಕಾಯಿಸಿದ ಹಾಗಾಯ್ತು! ಆದರೆ 37.5 ದಾಟಬಾರದು, ಕಣ್ಣಿಟ್ಟಿರಿ.

ರೂಮು 25 ಡಿಗ್ರಿಗಿಂತ ಕೆಳಗಿರಬಾರದು. ಫ್ಯಾನ್ ಬಂದ್, ಕಿಟಕಿ ಬಂದ್. ವಾರ್ಮರ್ ಹೆರಿಗೆಗೆ ಮೊದಲೇ ಕಾದಿರಬೇಕು. ಇನ್ನೊಂದು, ಬೈಕೋಬೇಡಿ: ಬೈರಾಸ, ಅದೇ ಒರೆಸೋ ಟವೆಲ್, ಒಣಗಿತ್ತಾ?

ರಾತ್ರಿಪಾಳಿ: ಅಕ್ಕಾ, ಈಗ ಹೋಗಿ ಕಪಾಟಿನ ಬೈರಾಸ ಕೆನ್ನೆಗೆ ಒತ್ತಿ ನೋಡಿದೆ. ಆಟೋಕ್ಲೇವ್‌ನ ಬಿಸಿ ಹಬೆಯಲ್ಲಿ ಶುದ್ಧವಾಗಿ ಬಂದದ್ದೇ, ಆದರೂ ತಣ್ಣಗೆ ಥಂಡಿ ಹಿಡಿದಿದೆ. ಹದಿನೈದು ದಿನದಿಂದ ಇಲ್ಲಿ ಬಿಸಿಲೇ ಇಲ್ಲ. ಇದರಲ್ಲಿ ಸುತ್ತಿ ಮಗುವನ್ನು ಬೆಚ್ಚಗಿಟ್ಟೆ ಅಂದುಕೊಂಡಿದ್ದೆ ನಾನು.

ದಾರಿಯದ್ದೂ ಹೇಳಿ. ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್. ಮೊನ್ನೆ ಮಗುವಿನ ಅಜ್ಜಿ ಬಿಸಿನೀರಿನ ಬಾಟಲಿ ಪಕ್ಕದಲ್ಲಿಡೋಣ ಅಂದರು.

ಹಳೇಸಿಸ್ಟರ್: ಬಾಟಲಿ ಖಂಡಿತ ಬೇಡ. ಎಳೆ ಚರ್ಮ, ಸುಟ್ಟುಬಿಡುತ್ತೆ. ಮಗು ತಾನೇ ಚೆನ್ನಾಗಿ ಉಸಿರಾಡುತ್ತಿದ್ದರೆ ಬರಿಮೈಗೆ ಬರಿಮೈ ತಾಗೋ ಹಾಗೆ ಎದೆಗೆ ಅವಚಿಕೊಂಡು ಹೋಗೋದೇ ವಾಸಿ, ಇದಕ್ಕೇ ಕಾಂಗರೂ ಆರೈಕೆ ಅನ್ನೋದು. ಅದು ಶುರುವಾಗಿದ್ದೇ 1978ರಲ್ಲಿ, ಕೊಲಂಬಿಯಾದ ಬೊಗೊಟಾದಲ್ಲಿ, ಇನ್‌ಕ್ಯುಬೇಟರ್ ಸಾಲದೆ ಹೋದಾಗ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹುಟ್ಟಿದ ಕೂಡಲೇ ಶುರು ಮಾಡಿ, ದಿನಕ್ಕೆ 8ರಿಂದ 24 ಗಂಟೆ ಅಂತ ಹೇಳಿತು. ಅಮ್ಮನಿಗೆ ಆಗದಿದ್ದರೆ ಅಪ್ಪ, ಅಜ್ಜಿ, ಯಾರಾದರೂ ಸರಿ. ಕೂಸಿಗೆ ಟೋಪಿ, ಡಯಾಪರ್, ಸಾಕ್ಸ್ ಅಷ್ಟೇ. ಇಬ್ಬರ ಮೇಲೂ ಕಂಬಳಿ ಹೊದಿಸಿ.

ರಾತ್ರಿಪಾಳಿ: ಮೂರು ವಾರ ಬಿಟ್ಟು ಬರೀತಿದ್ದೀನಿ. ನಿನ್ನೆ ಮತ್ತೆ 31 ವಾರದ ಹೆರಿಗೆ, 1,500 ಗ್ರಾಂ. ವಾರ್ಮರ್ ಮೊದಲೇ ಕಾದಿತ್ತು, ಬೈರಾಸ ಅದರ ಕೆಳಗೇ ಹರಡಿಟ್ಟಿದ್ದೆ. ಕೂಸು ನೇರ ಚೀಲಕ್ಕೆ. ಹೊರಡುವಾಗ 36.6. ಅಮ್ಮ ಡ್ರಿಪ್ ಹಾಕಿಕೊಂಡು ಸ್ಟ್ರೆಚರ್ ಮೇಲೆ, ಕೂಸು ಅಪ್ಪನ ಎದೆ ಮೇಲೆ. ಪಾಪ, ಡ್ರೈವರ್ ಎದುರು ಅಂಗಿ ಬಿಚ್ಚೋಕೆ ನಾಚಿಕೊಂಡರು. ಮಂಡಗದ್ದೆ ಬರೋಷ್ಟರಲ್ಲಿ ಅದೆಲ್ಲ ಮರೆತು, ಕೆಮ್ಮೋಕೂ ಹೆದರಿಕೊಂಡು ಕೂತಿದ್ದರು. ಗಾಜನೂರಲ್ಲಿ ಕಂಕುಳಿಗೆ ಥರ್ಮಾಮೀಟರ್ ಇಟ್ಟೆ. 36.8.