ಅಮ್ಮನ ಓದಿಗೆ ಇ-ಇಂಕ್ ಕೊಡಿಸಲಾ, ಟ್ಯಾಬ್ ಕೊಡಿಸಲಾ?

ಶಿರಸಿಯಿಂದ ಕೇಳುತ್ತಿದ್ದೇನೆ. ಅಮ್ಮನಿಗೆ 66. ಹೋದ ವರ್ಷ ಎರಡೂ ಕಣ್ಣಿನ ಪೊರೆ ತೆಗೆಸಿದ್ದೇವೆ. ಕಾದಂಬರಿ ಅಂದರೆ ಜೀವ. ಈಗ ಮೊಬೈಲಲ್ಲೇ ಓದುತ್ತಾರೆ, ಅರ್ಧ ಗಂಟೆಗೆ ಕಣ್ಣು ಉರಿ ಅಂತಾರೆ. ಕಾಗದದ ಪುಟದಂತೆ ಕಾಣುವ ಇ-ಇಂಕ್ ಪರದೆಯ ಓದುವ ಸಾಧನ, ಮಾಮೂಲಿ ಟ್ಯಾಬ್, ಎರಡನ್ನೂ ಬಳಸಿದವರು ದಯವಿಟ್ಟು ಹೇಳಿ.

ಕಾರವಾರದಿಂದ:

ಆರು ವರ್ಷದಿಂದ ನನ್ನ ಹತ್ತಿರ ಎರಡೂ ಇವೆ. ಬರೀ ಅಕ್ಷರ ಓದಲು ನನ್ನ ಮತ ಇ-ಇಂಕ್‌ಗೆ.

ಆ ಪರದೆಯಲ್ಲಿ ಕೂದಲೆಳೆಯಷ್ಟು ಸಣ್ಣ ಗುಳಿಗೆಗಳು ಲಕ್ಷಗಟ್ಟಲೆ ಇರುತ್ತವೆ. ಒಳಗೆ ಕಪ್ಪು, ಬಿಳಿ ಕಣಗಳು. ವಿದ್ಯುತ್ ಕೊಟ್ಟಾಗ ಒಂದು ಬಣ್ಣ ಮೇಲೆ ಬರುತ್ತದೆ, ಇನ್ನೊಂದು ತಳಕ್ಕೆ ಹೋಗುತ್ತದೆ. ಒಮ್ಮೆ ಅಕ್ಷರ ಮೂಡಿದರೆ ಕರೆಂಟ್ ಇಲ್ಲದೆಯೂ ಹಾಗೇ ನಿಲ್ಲುತ್ತದೆ. ಬ್ಯಾಟರಿ ವಾರಗಟ್ಟಲೆ ಬರುವುದು ಅದಕ್ಕೇ. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟ್ ಹೋದಾಗಲೂ ನನ್ನ ಓದು ನಿಂತಿಲ್ಲ. ಟ್ಯಾಬ್ ಮೊದಲ ರಾತ್ರಿಯೇ ಆರಿಹೋಗಿತ್ತು.

ಮಧ್ಯಾಹ್ನ ಟ್ಯಾಗೋರ್ ಕಡಲತೀರದಲ್ಲಿ ಕೂತು ನೋಡಿದ್ದೇನೆ. ಬಿಸಿಲು ಹೆಚ್ಚಾದಷ್ಟೂ ಇ-ಇಂಕ್ ಅಕ್ಷರ ಸ್ಪಷ್ಟ. ಅದೇ ಜಾಗದಲ್ಲಿ ಟ್ಯಾಬ್ ಹಿಡಿದರೆ ನನ್ನ ಮುಖ, ಹಿಂದಿನ ಗಾಳಿಮರ, ಅಷ್ಟೇ ಕಾಣುತ್ತದೆ.

ಆದರೆ ಜುಲೈನಲ್ಲಿ ನಮ್ಮ ಕಡೆ ಮನೆ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಮೂರು ಗಂಟೆಗೇ ಕತ್ತಲೆ. ನನ್ನ ಹಳೆಯ ಇ-ಇಂಕ್‌ನಲ್ಲಿ ದೀಪ ಇರಲಿಲ್ಲ. ಬೂದು ಹಾಳೆಯ ಮೇಲೆ ಕಪ್ಪು ಅಕ್ಷರ, ಕಿಟಕಿ ಬಿಟ್ಟು ಏಳುವ ಹಾಗಿರಲಿಲ್ಲ. ಅಮೆಜಾನ್‌ನ ಇ-ಇಂಕ್ ಸಾಧನ ಕಿಂಡಲ್ ಬಂದಿದ್ದು 2007ರಲ್ಲಿ, ಅದರಲ್ಲೇ ದೀಪ ಇರುವ ಪೇಪರ್‌ವೈಟ್ ಬಂದಿದ್ದು 2012ರಲ್ಲಿ. ಹಾಗಾಗಿ ಕಡಿಮೆಗೆ ಸಿಗುತ್ತದೆ ಅಂತ ದೀಪ ಇಲ್ಲದ ಹಳೆಯದನ್ನು ತಗೊಳ್ಳಬೇಡಿ. ಇದರ ದೀಪ ಅಂಚಿನಿಂದ ಹಾಳೆಯ ಮೇಲೆ ಬೀಳುತ್ತದೆ. ಟ್ಯಾಬಿನದು ಹಿಂದಿನಿಂದ ನೇರ ಕಣ್ಣಿಗೇ ಬರುತ್ತದೆ.

ಇನ್ನು ಕಣ್ಣುರಿ. ಯಾವುದೇ ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆ, ಕಣ್ಣು ಒಣಗುತ್ತದೆ. ಇ-ಇಂಕ್ ತಂದ ಕೂಡಲೇ ಅದು ಮಾಯ ಆಗುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ಇಪ್ಪತ್ತು ಅಡಿ ಆಚೆ, ಅಂಗಳದ ತುದಿಯ ತೆಂಗಿನಮರವನ್ನೋ ಏನನ್ನೋ ನೋಡಲು ಹೇಳಿ. ಆಪರೇಷನ್ ಮಾಡಿದ ಡಾಕ್ಟರನ್ನೂ ಒಮ್ಮೆ ಕೇಳಿ.

ಕುಮಟಾದಿಂದ:

ಮೇಲಿನವರು ಹೇಳಿದ್ದು ಸರಿ, ಆದರೆ ಕನ್ನಡದ ವಿಷಯ ಬಿಟ್ಟುಹೋಗಿದೆ. 2016ರಲ್ಲಿ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಐದರಲ್ಲಿ ಕನ್ನಡ ಇರಲಿಲ್ಲ. ಮೈಲ್ಯಾಂಗ್‌ನಂಥ ಕನ್ನಡದ ಆ್ಯಪ್‌ನಲ್ಲಿ ಕೊಂಡ ಪುಸ್ತಕ ಓದಬೇಕಾದರೆ ಆಂಡ್ರಾಯ್ಡ್ ಇರುವ ಇ-ಇಂಕ್ ಬೇಕು. ನಾನು ಅದು ತಿಳಿಯದೆ ಮೊದಲು ಬೇರೆ ತಗೊಂಡು ಪಶ್ಚಾತ್ತಾಪ ಪಟ್ಟೆ. ಕೊಳ್ಳುವ ಮುಂಚೆ ಒಂದು ಕನ್ನಡ ಪುಟ ತೆರೆಸಿ ನೋಡಿ. ‘ಸ್ತ್ರೀ’, ‘ಕಷ್ಟ’ ಅನ್ನುವಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ನಿಂತಿದ್ದರೆ ಬೇಡವೇ ಬೇಡ.

ನಮ್ಮ ಅತ್ತೆಗೆ 71. ಮೊದಲ ದಿನ ಪುಟ ತಿರುಗಿಸಿದ ಕೂಡಲೇ ಪರದೆ ಒಮ್ಮೆ ಪೂರ್ತಿ ಕಪ್ಪಾಯಿತು. ಹಾಳಾಯ್ತು ಅಂತ ಹೆದರಿ ಮೇಜಿನ ಮೇಲಿಟ್ಟು ಎದ್ದೇ ಹೋದರು. ಹಿಂದಿನ ಪುಟದ ನೆರಳು ಅಳಿಸಲು ಅದು ಹಾಗೆ ಮಾಡುತ್ತದೆ. ಅಮ್ಮನಿಗೆ ಮೊದಲೇ ಹೇಳಿಡಿ.

ಹೊನ್ನಾವರದಿಂದ:

ಇ-ಇಂಕ್ ತಗೊಂಡರೆ ಗಟ್ಟಿ ಕವರ್ ಹಾಕಿಸಿ. ದೇವಿಮನೆ ಘಟ್ಟದ ಬಸ್ಸಲ್ಲಿ ನನ್ನ ಚೀಲ ಎರಡು ಸೀಟಿನ ಮಧ್ಯೆ ಸಿಕ್ಕಿತು. ಮೇಲೆ ಗೀರೂ ಇಲ್ಲ, ಒಳಗಿನ ಗಾಜು ಒಡೆದು ಅರ್ಧ ಪುಟ ಬರೀ ಗೆರೆ.

ಶಿರಸಿಯಿಂದ:

ತುಂಬಾ ಉಪಕಾರ ಆಯ್ತು. ಇನ್ನೊಂದು ಪ್ರಶ್ನೆ. ಅಮ್ಮ ಓದುವುದರಲ್ಲಿ ಜಾಸ್ತಿ ಹಳೆಯ ಪುಸ್ತಕಗಳ ಸ್ಕ್ಯಾನ್, ಎಲ್ಲ ಪಿಡಿಎಫ್. ಆರು ಇಂಚಿನ ಇ-ಇಂಕ್‌ನಲ್ಲಿ ಆಗುತ್ತದಾ?

ಕಾರವಾರದಿಂದ:

ಹಾಗಾದರೆ ನನ್ನ ಮಾತು ಬದಲಾಯಿಸುತ್ತೇನೆ. ಸ್ಕ್ಯಾನ್ ಅಂದರೆ ಪುಟದ ಫೋಟೋ. ಅಕ್ಷರ ಮಾತ್ರ ದೊಡ್ಡದು ಮಾಡಲು ಬರುವುದಿಲ್ಲ. ಇಡೀ ಪುಟ ಹಿಗ್ಗಿಸಿ ಸಾಲು ಸಾಲಿಗೂ ಆ ಕಡೆ ಈ ಕಡೆ ಎಳೆಯಬೇಕು. ಇ-ಇಂಕ್‌ನಲ್ಲಿ ಎಳೆದಾಗಲೆಲ್ಲ ತಡವರಿಸುತ್ತದೆ. ಹಳದಿ ಹಾಳೆಯ ಸ್ಕ್ಯಾನ್ ಬೂದಿಯ ಮೇಲೆ ಬೂದಿಯಾಗಿ ಕಾಣುತ್ತದೆ. ಹತ್ತು ಇಂಚಿನ ಇ-ಇಂಕ್ ಇದೆ, ಆದರೆ ದುಬಾರಿ. ನಿಮ್ಮ ಅಮ್ಮನಿಗೆ ಸದ್ಯಕ್ಕೆ ಹತ್ತು ಇಂಚಿನ ಟ್ಯಾಬೇ ಸರಿ. ಬೆಳಕು ಕೋಣೆಯ ಬೆಳಕಿನಷ್ಟಕ್ಕೇ ಇಳಿಸಿ, ಮಲಗುವ ಹೊತ್ತಿಗೆ ಮಾತ್ರ ಅದನ್ನು ಕೈಗೆ ಕೊಡಬೇಡಿ. ಶನಿವಾರ ನಾನು ಶಿರಸಿಗೆ ಬರುತ್ತೇನೆ. ನನ್ನ ಎರಡನ್ನೂ ತರುತ್ತೇನೆ, ಅಮ್ಮ ಅವರ ಪುಸ್ತಕವನ್ನೇ ಹಾಕಿ ಒಂದು ಗಂಟೆ ಓದಿ ನೋಡಲಿ.